ಒಂದು ಲೈನ್ ಕೈಕೊಟ್ಟರೆ ಇನ್ನೊಂದು: ಮನೆ ಕಂಪ್ಯೂಟರ್‌ಗೆ ಎರಡು ಇಂಟರ್‌ನೆಟ್ ಜೋಡಿಸುವುದು ಹೇಗೆ?

ತುಮಕೂರಿನ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ದಿನಾ ಬೆಳಗ್ಗೆ ರೈಲಿಗೆ ಓಡಿ 70 ಕಿಲೋಮೀಟರ್ ಹೋಗಿಬರುವ ಪಾಡು ತಪ್ಪಿದೆ. ಆದರೆ ಮೀಟಿಂಗ್ ನಡುವೆ ಎಲ್ಲೋ ಜೆಸಿಬಿ ಒಂದು ಕೇಬಲ್ ಕಿತ್ತರೆ ಆ ದಿನದ ಕೆಲಸ ಅಲ್ಲಿಗೇ ನಿಂತಿತು. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲಂತೂ ರಸ್ತೆ ಅಗೆಯುವುದು ಇಲ್ಲಿನವರಿಗೆ ಹೊಸದಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ಎರಡನೇ ಕನೆಕ್ಷನ್ ಬೇಕೇ ಬೇಕು.

ಮೊದಲೇ ಹೇಳಿಬಿಡುತ್ತೇನೆ, ಇದರಿಂದ ಸ್ಪೀಡ್ ಡಬಲ್ ಆಗುವುದಿಲ್ಲ. 100 ಎಂಬಿಪಿಎಸ್‌ನ ಎರಡು ಲೈನ್ ಇದ್ದರೂ ಒಂದು ವಿಡಿಯೊ ಕಾಲ್ ಒಂದೇ ಲೈನಿನಲ್ಲಿ ಹೋಗುತ್ತದೆ. ಎರಡನ್ನೂ ನಿಜವಾಗಿ ಕೂಡಿಸಬೇಕಾದರೆ ಇಂಟರ್‌ನೆಟ್‌ನ ಆ ತುದಿಯಲ್ಲೂ ಅವನ್ನು ಕೂಡಿಸುವ ಸರ್ವರ್ ಇರಬೇಕು. ಮನೆಗೆ ಅಷ್ಟೆಲ್ಲ ಬೇಡ. ನಮಗೆ ಬೇಕಿರುವುದು ಕೆಲಸ ನಿಲ್ಲಬಾರದು ಅನ್ನುವುದಷ್ಟೇ ಅಲ್ವಾ?

ಹಾಗಾಗಿ ಲೈನ್ ಆರಿಸುವಾಗ ಕಂಪನಿ ಹೆಸರು ನೋಡಿದರೆ ಸಾಲದು, ವೈರ್ ಎಲ್ಲಿಂದ ಬರುತ್ತದೆ ನೋಡಿ. ಎರಡು ಕಂಪನಿಯ ಫೈಬರ್ ಒಂದೇ ಕಂಬದ ಮೇಲೆ ಬಂದರೆ, ಮರದ ಕೊಂಬೆ ಬಿದ್ದಾಗ ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ಫೈಬರ್, ಇನ್ನೊಂದು ಬೇರೆ ಕಂಪನಿಯ ಮೊಬೈಲ್ ಸಿಮ್, ಇದೇ ಒಳ್ಳೆಯ ಜೋಡಿ.

ಖರ್ಚಿಲ್ಲದ ದಾರಿ ಹೀಗಿದೆ. ಫೈಬರ್ ರೂಟರ್‌ನಿಂದ ಕಂಪ್ಯೂಟರ್‌ಗೆ ಲ್ಯಾನ್ ಕೇಬಲ್ ಹಾಕಿ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್‌ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ಕೊಡುವ ಆಯ್ಕೆ) ಆನ್ ಮಾಡಿ. ಫೋನಿನ ವೈಫೈ ಆಫ್ ಇರಲಿ, ಇಲ್ಲದಿದ್ದರೆ ಅದೂ ಅದೇ ಫೈಬರ್‌ನಿಂದಲೇ ಎಳೆಯುತ್ತದೆ.

ಈಗ ಯಾವುದು ಮೊದಲು ಅಂತ ವಿಂಡೋಸ್‌ಗೆ ಹೇಳಬೇಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ncpa.cpl ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎರಡೂ ಕನೆಕ್ಷನ್ ಕಾಣುತ್ತವೆ. ಫೈಬರ್‌ನದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಇಂಟರ್‌ನೆಟ್ ಪ್ರೋಟೋಕಾಲ್ ವರ್ಷನ್ 4 ಆರಿಸಿ, ಮತ್ತೆ ಪ್ರಾಪರ್ಟೀಸ್, ಅಡ್ವಾನ್ಸ್ಡ್. ಅಲ್ಲಿ ಆಟೊಮ್ಯಾಟಿಕ್ ಮೆಟ್ರಿಕ್‌ನ ಟಿಕ್ ತೆಗೆದು 10 ಎಂದು ಬರೆಯಿರಿ. ಫೋನಿನದಕ್ಕೆ 50. ಕಡಿಮೆ ನಂಬರ್ ಇರುವ ಲೈನನ್ನೇ ಕಂಪ್ಯೂಟರ್ ಮೊದಲು ಬಳಸುತ್ತದೆ. ವರ್ಷನ್ 6ಕ್ಕೂ ಇದೇ ನಂಬರ್ ಕೊಡಿ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಫೋನಿನ ಕನೆಕ್ಷನ್ನನ್ನು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಮೀಟರ್ಡ್ (ಡೇಟಾಗೆ ಮಿತಿ ಇರುವ ಲೈನ್) ಅಂತಲೂ ಗುರುತು ಮಾಡಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಇಡೀ ದಿನದ ಡೇಟಾ ನುಂಗಿಬಿಡಬಹುದು. ಮ್ಯಾಕ್ ಇದ್ದವರಿಗೆ ಸುಲಭ: ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಸೆಟ್ ಸರ್ವಿಸ್ ಆರ್ಡರ್‌ನಲ್ಲಿ ಬೇಕಾದ್ದನ್ನು ಮೇಲಕ್ಕೆ ಎಳೆದರೆ ಆಯಿತು.

ಒಂದು ತೊಡಕಿದೆ. ಬೀದಿಯಲ್ಲಿ ಫೈಬರ್ ತುಂಡಾದರೂ ನಿಮ್ಮ ಮನೆಯ ರೂಟರ್ ಆನ್ ಇರುತ್ತದೆ. ಅದರ ಮೇಲೆ ಎಲ್‌ಒಎಸ್ (ಸಿಗ್ನಲ್ ಹೋಗಿದೆ) ಎಂಬ ಕೆಂಪು ಲೈಟ್ ಮಿನುಗುತ್ತದೆ, ಅಷ್ಟೇ. ಕಂಪ್ಯೂಟರ್ ನೋಡುವುದು ಲ್ಯಾನ್ ಕೇಬಲ್ಲನ್ನು, ಅದು ಸರಿಯಾಗೇ ಇದೆ! ಹಾಗಾಗಿ ತಾನಾಗಿ ಫೋನಿಗೆ ಬದಲಾಗುತ್ತದೆ ಅಂತ ನಂಬಿಕೊಳ್ಳುವಂತಿಲ್ಲ. ಕೆಂಪು ಲೈಟ್ ಕಂಡ ತಕ್ಷಣ ಲ್ಯಾನ್ ಕೇಬಲ್ ಕಿತ್ತುಬಿಡಿ. ಕೆಲವೇ ಸೆಕೆಂಡಿನಲ್ಲಿ ಕಂಪ್ಯೂಟರ್ ಫೋನ್ ಲೈನಿಗೆ ಬರುತ್ತದೆ. ಒಂದು ಭಾನುವಾರ ಇದನ್ನು ಮಾಡಿ ನೋಡಿಕೊಂಡಿದ್ದರೆ ಕೆಲಸದ ದಿನ ಗಾಬರಿ ಇರುವುದಿಲ್ಲ.

ಕೀಳುವ ಕೆಲಸವೂ ಬೇಡ ಅನ್ನುವವರು ಡ್ಯುಯಲ್ ವ್ಯಾನ್ ರೂಟರ್, ಅಂದರೆ ಎರಡು ಇಂಟರ್‌ನೆಟ್ ಲೈನ್ ಸೇರಿಸಬಹುದಾದ ರೂಟರ್ ತರಬೇಕು. ಎರಡು ಲೈನನ್ನೂ ಇದಕ್ಕೆ ಚುಚ್ಚಿ, ಇದರಿಂದ ಕಂಪ್ಯೂಟರ್‌ಗೆ ಒಂದೇ ಕೇಬಲ್ ಎಳೆಯಿರಿ. ಇಂಟರ್‌ನೆಟ್‌ನ ಒಂದು ವಿಳಾಸಕ್ಕೆ ಆಗಾಗ ಪಿಂಗ್ (ಉತ್ತರ ಕೇಳುವ ಪುಟ್ಟ ಸಂದೇಶ) ಕಳಿಸುವಂತೆ ಇದನ್ನು ಹೊಂದಿಸಬಹುದು. ಉತ್ತರ ಬರದಿದ್ದರೆ ತಾನೇ ಲೈನ್ ಬದಲಿಸುತ್ತದೆ. ನಡೆಯುತ್ತಿದ್ದ ಕಾಲ್ ಒಮ್ಮೆ ಕಟ್ ಆಗಬಹುದು, ಮತ್ತೆ ಸೇರಿಕೊಂಡರಾಯಿತು. ಎರಡು ಕಂಪನಿಯ ಡಬ್ಬಕ್ಕೂ 192.168.1.1 ಎಂಬ ಒಂದೇ ವಿಳಾಸ ಇದ್ದರೆ ಗೊಂದಲವಾಗುತ್ತದೆ. ಒಂದನ್ನು 192.168.2.1 ಮಾಡಿಸಿ. ಹೊಸ ರೂಟರ್‌ನ ಒಳಗಿನ ವಿಳಾಸ ಇವೆರಡಕ್ಕಿಂತ ಬೇರೆ ಇರಲಿ. ಎರಡು ಲೈನನ್ನೂ ಒಟ್ಟಿಗೆ ಬಳಸುವ ಲೋಡ್ ಬ್ಯಾಲೆನ್ಸ್ ಬದಲು, ಒಂದು ಹೋದಾಗ ಮಾತ್ರ ಇನ್ನೊಂದಕ್ಕೆ ಹೋಗುವ ಬ್ಯಾಕಪ್ ಆಯ್ಕೆಯೇ ಸಾಕು. ಬ್ಯಾಂಕಿನ ಸೈಟ್ ತೆರೆದಿರುವಾಗ ಲೈನ್ ಬದಲಾಗಿ, ಜೊತೆಗೆ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಲೈನಿನ ಗುರುತಿನ ನಂಬರ್) ಬದಲಾದರೆ ಅದು ನಿಮ್ಮನ್ನು ಹೊರಗೆ ಹಾಕಬಹುದು.

ಇಷ್ಟೆಲ್ಲ ಮಾಡಿ ಕರೆಂಟ್ ಮರೆಯಬೇಡಿ. ಫೈಬರ್ ಡಬ್ಬ, ರೂಟರ್ ಎರಡಕ್ಕೂ ಮಿನಿ ಯುಪಿಎಸ್ ಬೇಕು. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪ್ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬೇಕು.