ಮಗುವಿಗೆ ಕ್ರೂಪ್: ಕ್ಯಾಶುವಾಲ್ಟಿಯಲ್ಲಿ ಸ್ಟೀರಾಯ್ಡ್ ಕೊಡುವುದು ಹೇಗೆ?

ರಾತ್ರಿ ಡ್ಯೂಟಿಯಲ್ಲಿರುವ ಹೊಸ ಡಾಕ್ಟರುಗಳಿಗೆ, ಸ್ಟಾಫ್ ನರ್ಸ್‌ಗಳಿಗೆ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಅಮ್ಮಂದಿರೂ ಓದಿ, ಆದರೆ ಇದನ್ನು ನೋಡಿಕೊಂಡು ಮನೆಯಲ್ಲಿ ಸ್ಟೀರಾಯ್ಡ್ ಕೊಡಬೇಡಿ. ನಿಮಗೆ ಬೇಕಾದದ್ದು ಕೊನೆಯಲ್ಲಿದೆ.

ಕ್ರೂಪ್ ಬರುವ ಮಕ್ಕಳು ಹೆಚ್ಚಾಗಿ 6 ತಿಂಗಳಿಂದ 3 ವರ್ಷದವರು. ಒಂದೆರಡು ದಿನ ನೆಗಡಿ, ಸ್ವಲ್ಪ ಜ್ವರ. ಆಮೇಲೆ ಯಾವುದೋ ರಾತ್ರಿ ಮಗು ನಾಯಿ ಬೊಗಳಿದ ಹಾಗೆ ಕೆಮ್ಮುತ್ತಾ ಏಳುತ್ತದೆ, ಧ್ವನಿ ಒಡೆದಿರುತ್ತದೆ, ಉಸಿರು ಒಳಗೆ ಎಳೆದುಕೊಳ್ಳುವಾಗ ಕರ್ಕಶ ಸದ್ದು ಬರುತ್ತದೆ. ಈ ಸದ್ದೇ ಸ್ಟ್ರೈಡರ್. ಕಾರಣ ವೈರಸ್, ಅದರಲ್ಲೂ ಪ್ಯಾರಾಇನ್‌ಫ್ಲುಯೆಂಜಾ ಜಾಸ್ತಿ. ಧ್ವನಿಪೆಟ್ಟಿಗೆಯ ಸ್ವಲ್ಪ ಕೆಳಗೆ ಉಸಿರು ನಾಳದ ಸುತ್ತ ಮೃದ್ವಸ್ಥಿಯ ಪೂರ್ತಿ ಉಂಗುರ ಇದೆ, ಹಾಗಾಗಿ ಅಲ್ಲಿ ಊತ ಬಂದರೆ ಹೊರಗೆ ಹಿಗ್ಗಲು ಜಾಗವಿಲ್ಲ, ಒಳಗೇ ಬೆಳೆಯುತ್ತದೆ. 4 ಮಿಲಿಮೀಟರ್ ಅಗಲದ ನಾಳದಲ್ಲಿ ಸುತ್ತಲೂ ಬರೀ 1 ಮಿಲಿಮೀಟರ್ ಊದಿಕೊಂಡರೆ ಗಾಳಿ ಹೋಗುವ ದಾರಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾವು ಸ್ಟೀರಾಯ್ಡ್ ಕೊಡುವುದು ಈ ಊತಕ್ಕೇ.

ಮೊದಲ ಕೆಲಸ, ಮಗುವನ್ನು ಅಳಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅತ್ತರೆ ಉಸಿರಿನ ರಭಸ ಜಾಸ್ತಿಯಾಗಿ ನಾಳ ಇನ್ನಷ್ಟು ಕಿರಿದಾಗುತ್ತದೆ, ನೋಡನೋಡುತ್ತಲೇ ಪಕ್ಕೆ ಎಳೆಯುವುದು, ಅಂದರೆ ಉಸಿರೆಳೆದಾಗ ಪಕ್ಕೆಯ ಚರ್ಮ ಒಳಗೆ ಹೋಗುವುದು ಹೆಚ್ಚುತ್ತದೆ. ಅಮ್ಮನ ತೊಡೆಯ ಮೇಲೇ ಇರಲಿ. ಬೆಡ್ ಮೇಲೆ ಮಲಗಿಸಬೇಡಿ, ನಾಲಿಗೆ ಒತ್ತಿ ಗಂಟಲು ನೋಡಬೇಡಿ, ಸುಮ್ನೆ ಕ್ಯಾನುಲಾ ಹಾಕಿ ರಕ್ತ ತೆಗೆಯಬೇಡಿ. ಎಕ್ಸ್‌ರೇ ಕೂಡ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎರಡು ಹೆಜ್ಜೆ ದೂರ ನಿಂತು ಅಂಗಿ ಎತ್ತಿಸಿ ನೋಡಿ: ಅಳದೆ ಸುಮ್ಮನಿದ್ದಾಗಲೂ ಸ್ಟ್ರೈಡರ್ ಇದೆಯಾ? ಎದೆಗೂಡಿನ ಕೆಳಗೆ, ಕತ್ತಿನ ಗುಳಿಯಲ್ಲಿ ಚರ್ಮ ಒಳಗೆ ಹೋಗುತ್ತಿದೆಯಾ? ಮಗು ಚುರುಕಾಗಿದೆಯಾ, ಮಂಕಾಗಿದೆಯಾ? ಕೆಮ್ಮು ಮಾತ್ರ ಇದ್ದು ಸುಮ್ಮನಿದ್ದಾಗ ಸದ್ದಿಲ್ಲದಿದ್ದರೆ ಅದು ಸೌಮ್ಯ. ಸುಮ್ಮನಿದ್ದಾಗಲೂ ಸದ್ದು ಬಂದು ಪಕ್ಕೆ ಎಳೆಯುತ್ತಿದ್ದರೆ ಮಧ್ಯಮ. ಚಡಪಡಿಕೆ, ಜೋರಾಗಿ ಎಳೆಯುವುದು, ಬಿಳಿಚಿಕೊಳ್ಳುವುದು ಇದ್ದರೆ ತೀವ್ರ. ಒಂದು ಎಚ್ಚರಿಕೆ: ಮಗು ಸೋತು ಮಂಕಾದಾಗ ಸದ್ದೂ ಕಡಿಮೆಯಾಗುತ್ತದೆ. ಅದನ್ನು ಸುಧಾರಣೆ ಅಂದುಕೊಂಡರೆ ಕೆಟ್ಟಿತು.

ಕ್ರೂಪ್ ಅಂತ ತೀರ್ಮಾನಿಸುವ ಮುಂಚೆ ಅಮ್ಮನನ್ನು ಎರಡು ಮಾತು ಕೇಳಿ. ಕಡಲೆಬೀಜವೋ ಇನ್ನೇನೋ ಬಾಯಿಗೆ ಹಾಕಿಕೊಂಡಾಗ ಇದ್ದಕ್ಕಿದ್ದಂತೆ ಶುರುವಾಯಿತಾ? ಲಸಿಕೆ ಎಲ್ಲ ಆಗಿದೆಯಾ? ಲಸಿಕೆ ತಪ್ಪಿದ ಮಗುವಿನಲ್ಲಿ ಗಂಟಲಮಾರಿಯನ್ನು, ಅಂದರೆ ಡಿಫ್ತೀರಿಯಾವನ್ನು ಮರೆಯಬೇಡಿ. ಜೊಲ್ಲು ಸುರಿಸುತ್ತಾ, ಮುಂದಕ್ಕೆ ಬಾಗಿ ಕೂತು, ನುಂಗಲಾಗದೆ, ಜೋರು ಜ್ವರದಲ್ಲಿದ್ದು ಕೆಮ್ಮೇ ಇಲ್ಲದಿದ್ದರೆ ಎಪಿಗ್ಲಾಟೈಟಿಸ್, ಅಂದರೆ ಉಸಿರು ನಾಳದ ಬಾಯಿಯ ಮೇಲಿನ ಮುಚ್ಚಳದ ಊತ ಇರಬಹುದು. ಇವೆಲ್ಲಕ್ಕೂ ದಾರಿ ಬೇರೆ, ತಕ್ಷಣ ಸೀನಿಯರ್ ಮತ್ತು ಅನಸ್ತೇಷಿಯಾದವರನ್ನು ಕರೆಯಿರಿ.

ಇನ್ನು ಔಷಧಿ. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್, ಒಂದೇ ಡೋಸ್, ಬಾಯಿಯ ಮೂಲಕ. ಪ್ರಮಾಣ ಕೆಜಿಗೆ 0.6 ಮಿಲಿಗ್ರಾಂ. ಸೌಮ್ಯ ಮತ್ತು ಮಧ್ಯಮ ಕ್ರೂಪ್‌ಗೆ ಕೆಜಿಗೆ 0.15 ಮಿಲಿಗ್ರಾಂ ಕೂಡ ಸಾಕಾಗುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1,252 ಮಕ್ಕಳ ಮೇಲೆ ಮಾಡಿ 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಯಾವುದನ್ನು ಹೇಳುತ್ತದೋ ಅದನ್ನು ಕೊಡಿ, ಆದರೆ ಕೊಡುವುದು ತಡವಾಗದಿರಲಿ. ತೂಕ ಅಂದಾಜು ಮಾಡಬೇಡಿ, ಅಮ್ಮ ಮಗುವನ್ನು ಎತ್ತಿಕೊಂಡೇ ತಕ್ಕಡಿಯ ಮೇಲೆ ನಿಲ್ಲಲಿ, ಆಮೇಲೆ ಅಮ್ಮನ ತೂಕ ಕಳೆಯಿರಿ.

10 ಕೆಜಿಯ ಮಗು ಅಂತಿಟ್ಟುಕೊಳ್ಳಿ. 0.6ರ ಲೆಕ್ಕದಲ್ಲಿ 6 ಮಿಲಿಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇಂಜೆಕ್ಷನ್ ಒಂದು ಎಂಎಲ್‌ಗೆ 4 ಮಿಲಿಗ್ರಾಂನದು, ಅಂದರೆ 1.5 ಎಂಎಲ್. ಸಿರಪ್ ಇಲ್ಲದ ಕಡೆ ಇದನ್ನೇ ಸಿರಿಂಜಿನಲ್ಲಿ ಎಳೆದು, ಸೂಜಿ ತೆಗೆದು, ಸಕ್ಕರೆ ನೀರಿನಲ್ಲಿ ಬೆರೆಸಿ ಬಾಯಿಗೆ ಹಾಕುತ್ತಾರೆ. 0.15ರ ಲೆಕ್ಕವಾದರೆ 1.5 ಮಿಲಿಗ್ರಾಂ, ಅದಕ್ಕೆ 0.5 ಮಿಲಿಗ್ರಾಂನ ಮೂರು ಮಾತ್ರೆ ಪುಡಿ ಮಾಡಿದರಾಯಿತು. ವೈಯಲ್ ಮೇಲಿನ ಪ್ರಮಾಣ ಓದದೆ ಮಾತ್ರ ಎಳೆಯಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪದಲ್ಲಿ ಬೆರೆಸುವುದು ಬೇಡ. ಸಿರಿಂಜನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡಿ, ಅಮ್ಮನೇ ಹಾಕಿದರೆ ಇನ್ನೂ ಒಳ್ಳೆಯದು. ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಮತ್ತೆ ಕೊಡಿ. ಬಾಯಲ್ಲಿ ನಿಲ್ಲುವುದೇ ಇಲ್ಲ ಅಂದರೆ ಬ್ಯುಡೆಸೊನೈಡ್ ಅನ್ನುವ ಇನ್ನೊಂದು ಸ್ಟೀರಾಯ್ಡನ್ನು 2 ಮಿಲಿಗ್ರಾಂ ನೆಬ್ಯುಲೈಸ್ ಮಾಡಬಹುದು, ಅಂದರೆ ಮಂಜಿನಂತೆ ಮಾಡಿ ಉಸಿರಿನ ಜೊತೆ ಕೊಡಬಹುದು, ಇಲ್ಲವೇ ಡೆಕ್ಸಾಮೆಥಾಸೋನನ್ನು ಸ್ನಾಯುವಿಗೆ ಚುಚ್ಚಬಹುದು. ಇಂಜೆಕ್ಷನ್ ಜೋರು ಅನ್ನುವ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿದೆ, ಆದರೆ ಕ್ರೂಪ್‌ನಲ್ಲಿ ಬಾಯಿಗೆ ಕೊಟ್ಟದ್ದು ಅಷ್ಟೇ ಕೆಲಸ ಮಾಡುತ್ತದೆ, ಮಗು ಅಳುವುದೂ ತಪ್ಪುತ್ತದೆ ಅಲ್ವಾ?

ಸೌಮ್ಯವಾಗಿದೆ, ಸುಮ್ನೆ ಕಳಿಸೋಣ ಅಂತ ಅನಿಸಬಹುದು. ಹಾಗೆ ಮಾಡಬೇಡಿ. ಕೆನಡಾದಲ್ಲಿ 720 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನ ಸೌಮ್ಯ ಕ್ರೂಪ್‌ನದೇ. ಮತ್ತೆ ವೈದ್ಯರ ಬಳಿ ಓಡಿಬಂದವರು ಡೆಕ್ಸಾಮೆಥಾಸೋನ್ ಪಡೆದವರಲ್ಲಿ ನೂರಕ್ಕೆ 7.3, ಪಡೆಯದವರಲ್ಲಿ 15.3. ರಾತ್ರಿ ಎರಡು ಗಂಟೆಗೆ ಹಳ್ಳಿಯಿಂದ ಗಾಡಿ ಹುಡುಕಿಕೊಂಡು ಬರುವವರಿಗೆ ಇದು ಸಣ್ಣ ಮಾತಲ್ಲ.

ಸ್ಟೀರಾಯ್ಡ್ ಕೆಲಸ ತೋರಿಸಲು ಒಂದೆರಡು ಗಂಟೆ ಬೇಕು. ಮಧ್ಯಮ ಅಥವಾ ತೀವ್ರ ಇದ್ದರೆ ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ, ಅದಕ್ಕೇ ಅಡ್ರಿನಲಿನ್ ನೆಬ್ಯುಲೈಸೇಶನ್. 1:1000 ಅಡ್ರಿನಲಿನ್, ಕೆಜಿಗೆ 0.5 ಎಂಎಲ್, ಹೆಚ್ಚೆಂದರೆ 5 ಎಂಎಲ್. ಒಂದೊಂದು ಎಂಎಲ್‌ನ ಐದು ಆಂಪ್ಯೂಲ್ ಒಡೆಯುವಾಗ ಹೊಸಬರಿಗೆ ಕೈ ನಡುಗುತ್ತದೆ, ಆದರೆ ನೆಬ್ಯುಲೈಸ್ ಮಾಡಲು ಪ್ರಮಾಣ ಅದೇ. ಇದನ್ನು ಇಂಜೆಕ್ಷನ್ ಆಗಿ ಯಾರೂ ಕೊಡದ ಹಾಗೆ ನೋಡಿಕೊಳ್ಳಿ. 10ರಿಂದ 30 ನಿಮಿಷದಲ್ಲಿ ಉಸಿರು ಸಲೀಸಾಗುತ್ತದೆ. ಆದರೆ ಎರಡು ಗಂಟೆಯೊಳಗೆ ಅದರ ಪ್ರಭಾವ ಇಳಿದು ಹೋಗುತ್ತದೆ, ಆದ್ದರಿಂದ ಮಗು ನಗುತ್ತಿದೆ ಅಂತ ಬೇಗ ಕಳಿಸಬೇಡಿ, 2ರಿಂದ 4 ಗಂಟೆ ಕೂರಿಸಿಕೊಳ್ಳಿ. ಆಕ್ಸಿಜನ್ ಬೇಕಿದ್ದರೆ ಮಾಸ್ಕನ್ನು ಅಮ್ಮನ ಕೈಯಲ್ಲಿ ಕೊಟ್ಟು ಮುಖದ ಹತ್ತಿರ ಹಿಡಿಸಿ. ಎರಡನೇ ಸಲವೂ ಅಡ್ರಿನಲಿನ್ ಬೇಕಾಯಿತೆಂದರೆ ಅಡ್ಮಿಟ್ ಮಾಡಿ, ಮೇಲಿನ ಆಸ್ಪತ್ರೆಗೆ ಮಾತಾಡಿ. ಉಸಿರಾಟಕ್ಕೆ ಟ್ಯೂಬ್ ಹಾಕುವ ಹಂತ ಬಂದರೆ ವಯಸ್ಸಿಗೆ ಹೇಳಿದ್ದಕ್ಕಿಂತ ಚಿಕ್ಕ ಸೈಜ್ ಸಿದ್ಧವಿರಲಿ.

ಆಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್ ಇಲ್ಲಿ ಉಪಯೋಗವಿಲ್ಲ. ಊತ ಇರುವುದು ಮೇಲಿನ ನಾಳದಲ್ಲಿ, ಅದು ಕೆಲಸ ಮಾಡುವುದು ಶ್ವಾಸಕೋಶದ ಒಳಗಿನ ಕೊಳವೆಗಳಲ್ಲಿ. ಆಂಟಿಬಯಾಟಿಕ್, ಕೆಮ್ಮಿನ ಸಿರಪ್ ಕೂಡ ಬೇಡ. ಒಂದು ಡೋಸ್ ಡೆಕ್ಸಾಮೆಥಾಸೋನ್ ಪ್ರಭಾವ ಒಂದೂವರೆ ದಿನವಾದರೂ ಇರುತ್ತದೆ, ಹೀಗಾಗಿ ಮನೆಗೆ ಐದು ದಿನದ ಸ್ಟೀರಾಯ್ಡ್ ಬರೆದುಕೊಡುವ ಅಗತ್ಯವಿಲ್ಲ. ಮಗುವಿಗೆ ಈಗ ಸೀತಾಳೆ ಸಿಡುಬು ಎದ್ದಿದ್ದರೆ ಕೊಡುವ ಮುನ್ನ ಸೀನಿಯರ್ ಹತ್ತಿರ ಕೇಳಿ.

ಅಪ್ಪ ಅಮ್ಮಂದಿರಿಗೆ: ಮಗುವನ್ನು ನೆಟ್ಟಗೆ ಎತ್ತಿಕೊಳ್ಳಿ, ಸಮಾಧಾನ ಮಾಡಿ, ನೀರೋ ಹಾಲೋ ಸ್ವಲ್ಪ ಸ್ವಲ್ಪ ಕುಡಿಸಿ. ಬಿಸಿನೀರಿನ ಹಬೆ ಹಿಡಿಸಬೇಡಿ, ಅದರಿಂದ ಊತ ಇಳಿಯುವುದಿಲ್ಲ, ಪಾತ್ರೆ ಮಗುಚಿ ಸುಟ್ಟುಕೊಂಡು ಬರುವ ಮಕ್ಕಳಿದ್ದಾರೆ. ಹೋದ ಸಲದ ಸ್ಟೀರಾಯ್ಡ್ ಉಳಿದಿದ್ದರೆ ಅದನ್ನೂ ಕೊಡಬೇಡಿ. ಆಸ್ಪತ್ರೆಯಿಂದ ಬಂದ ಮೇಲೂ ಮಾರನೆಯ ರಾತ್ರಿ ಕೆಮ್ಮು ಬರಬಹುದು, ಕೆಮ್ಮು ಮಾತ್ರ ಇದ್ದರೆ ಗಾಬರಿ ಬೇಡ. ಸುಮ್ಮನೆ ಮಲಗಿದ್ದಾಗಲೂ ಉಸಿರಿಗೆ ಸದ್ದು ಬಂದರೆ, ಪಕ್ಕೆ ಎಳೆದರೆ, ಕುಡಿಯದೆ ಹೋದರೆ ವಾಪಸ್ ಕರೆದುಕೊಂಡು ಬನ್ನಿ. ತುಟಿ ನೀಲಿಯಾದರೆ, ಜೊಲ್ಲು ಸುರಿಸಿದರೆ ಅಥವಾ ಕರೆದರೂ ಮಗು ಸರಿಯಾಗಿ ನೋಡದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ.