ಪೈಲಟ್ ಬೇಸ್ ಮುಚ್ಚಿದಾಗ: ಸಹಿ ಹಾಕುವ ಮೊದಲು ಏನು ಮಾಡಬೇಕು?

ಡ್ಯೂಟಿ ಮುಗಿಸಿ ಫೋನ್ ತೆಗೆದರೆ ಕಂಪನಿಯ ಮೇಲ್. ‘ನಿಮ್ಮ ಬೇಸ್ ಮುಚ್ಚುತ್ತಿದ್ದೇವೆ. ಈ ಮೂರು ಊರುಗಳಲ್ಲಿ ಒಂದನ್ನು ಆರಿಸಿ, ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಿ.’ ಬೇಸ್ ಅಂದರೆ ಪೈಲಟ್ ಡ್ಯೂಟಿ ಶುರುಮಾಡಿ ಮುಗಿಸುವ ವಿಮಾನ ನಿಲ್ದಾಣ. ಯುರೋಪಿನ ಪೈಲಟ್‌ಗಳಿಗೆ ಇಂಥ ಮೇಲ್ ಹೊಸದಲ್ಲ. ಮನೆ ಸಾಲ, ಮಕ್ಕಳ ಸ್ಕೂಲು ಎಲ್ಲ ಒಟ್ಟಿಗೇ ನೆನಪಾಗುತ್ತದೆ. ಗಾಬರಿಯಲ್ಲಿ ಸಹಿ ಬಿದ್ದುಬಿಡುತ್ತದೆ. ದಯವಿಟ್ಟು ಆ ಆತುರ ಬೇಡ.

ಮೊದಲು ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಉಳಿಸಿಕೊಳ್ಳಿ. ಇದನ್ನು ಅವತ್ತೇ ಮಾಡಿ. ಕಂಪನಿಯ ಟ್ಯಾಬ್ಲೆಟ್ ವಾಪಸ್ ಹೋದರೆ, ಲಾಗಿನ್ ಬಂದ್ ಆದರೆ, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎರಡು ವರ್ಷದ ರೋಸ್ಟರ್, ಸಂಬಳದ ಚೀಟಿ, ಟ್ರೈನಿಂಗ್ ದಾಖಲೆ ಎಲ್ಲ ನಿಮ್ಮ ಸ್ವಂತ ಕಂಪ್ಯೂಟರಿಗೆ ಬರಲಿ. ರೋಸ್ಟರ್ ಯಾಕೆ ಅಷ್ಟು ಮುಖ್ಯ? ನಿಮ್ಮ ಡ್ಯೂಟಿ ದಿನವೂ ಯಾವ ಊರಲ್ಲಿ ಶುರುವಾಗಿ ಯಾವ ಊರಲ್ಲಿ ಮುಗಿಯುತ್ತಿತ್ತು ಅನ್ನುವುದು ಅದರಲ್ಲಿದೆ. ಅದೇ ನಿಮ್ಮ ಹೋಮ್ ಬೇಸ್.

ಒಪ್ಪಂದದಲ್ಲಿ ಬೇರೆ ದೇಶದ ಕಾನೂನು, ಬೇರೆ ದೇಶದ ಕೋರ್ಟ್ ಎಂದು ಬರೆದಿರಬಹುದು. ಅದೇ ಕೊನೆಯ ಮಾತಲ್ಲ. ಬೆಲ್ಜಿಯಂನ ಶಾರ್ಲರುವಾ ಬೇಸ್‌ನ ಕ್ಯಾಬಿನ್ ಸಿಬ್ಬಂದಿಯ ಒಪ್ಪಂದದಲ್ಲಿ ಐರ್ಲೆಂಡ್ ಕೋರ್ಟ್ ಎಂದಿತ್ತು. ಅವರು ಬೆಲ್ಜಿಯಂನಲ್ಲೇ ಕೇಸ್ ಹಾಕಿದರು. ಕೆಲಸದ ಜಾಗ ಯಾವುದೆಂದು ತೀರ್ಮಾನಿಸಲು ಹೋಮ್ ಬೇಸ್ ದೊಡ್ಡ ಸುಳಿವು ಎಂದು 2017ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಪೈಲಟ್‌ಗಳಿಗೂ ಇದೇ ದೊಡ್ಡ ಆಧಾರ.

ಮೇಲ್‌ಗೆ ಉತ್ತರ ಕೊಡದೆ ಸುಮ್ನೆ ಕೂರಬೇಡಿ. ‘ಮೇಲ್ ತಲುಪಿದೆ, ವರ್ಗಾವಣೆಗೆ ಒಪ್ಪಿಲ್ಲ, ಕಾರಣ ಬರಹದಲ್ಲಿ ತಿಳಿಸಿ’ ಎಂದು ಬರೆಯಿರಿ. 2018ರಲ್ಲಿ ರಯನ್‌ಏರ್ ವಿಮಾನ ಕಂಪನಿ ನೆದರ್‌ಲ್ಯಾಂಡ್ಸ್‌ನ ತನ್ನ ಐಂಡ್‌ಹೋವನ್ ಬೇಸ್ ಮುಚ್ಚಿದಾಗ, ಅಲ್ಲಿನ ಪೈಲಟ್‌ಗಳನ್ನು ಬಲವಂತವಾಗಿ ವಿದೇಶಕ್ಕೆ ವರ್ಗ ಮಾಡುವಂತಿಲ್ಲ ಎಂದು ಡಚ್ ಕೋರ್ಟ್ ತೀರ್ಪು ಕೊಟ್ಟಿತು.

ಆಮೇಲೆ ಯೂನಿಯನ್ ಜೊತೆ ಕೂತು ಎಷ್ಟು ಜನರ ಕೆಲಸ ಹೋಗುತ್ತದೆ ಎಂದು ತಲೆ ಎಣಿಸಿ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ, ಉದಾಹರಣೆಗೆ, 90 ದಿನಗಳಲ್ಲಿ 20 ಜನರನ್ನು ತೆಗೆಯುವುದಿದ್ದರೆ ಅದು ಸಾಮೂಹಿಕ ವಜಾ. ಆಗ ಕಂಪನಿ ಮೊದಲೇ ನೌಕರರ ಪ್ರತಿನಿಧಿಗಳ ಜೊತೆ ಮಾತಾಡಬೇಕು, ಸರ್ಕಾರಿ ಇಲಾಖೆಗೂ ತಿಳಿಸಬೇಕು. ತೀರ್ಮಾನ ಮಾಡಿ ಆದ ಮೇಲೆ ಕರೆದು ಹೇಳುವುದು ಮಾತುಕತೆ ಅಲ್ಲ, ಅಲ್ವಾ?

ಮಾತುಕತೆಯಲ್ಲಿ ಎಲ್ಲರೂ ಪರಿಹಾರದ ಹಣವನ್ನೇ ಕೇಳುತ್ತಾರೆ. ಅದರ ಜೊತೆ ಸಿಮ್ಯುಲೇಟರ್ (ನೆಲದ ಮೇಲೇ ಹಾರಾಟ ಅಭ್ಯಾಸ ಮಾಡುವ ಯಂತ್ರ) ಸಮಯವನ್ನೂ ಕೇಳಿ. ಪ್ರಯಾಣಿಕರನ್ನು ಹಾರಿಸಲು ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ಟೈಪ್ ರೇಟಿಂಗ್, ಅಂದರೆ ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆಯ ಪರೀಕ್ಷೆ ವರ್ಷಕ್ಕೊಮ್ಮೆ. ಸಿಮ್ಯುಲೇಟರ್ ಇಲ್ಲದೆ ಮನೆಯಲ್ಲಿ ಕೂತ ಪೈಲಟ್‌ಗೆ ಇವೆರಡೂ ಕೈತಪ್ಪುತ್ತವೆ. ಹೊಸ ಕೆಲಸ ಹುಡುಕುವಾಗ ಇದು ಹಣಕ್ಕಿಂತ ಜಾಸ್ತಿ ಕಾಡುತ್ತದೆ. ಟ್ರೈನಿಂಗ್ ಬಾಂಡ್ (ಬೇಗ ಕೆಲಸ ಬಿಟ್ಟರೆ ತರಬೇತಿ ಖರ್ಚು ವಾಪಸ್ ಕೊಡುವ ಕರಾರು) ಬಾಕಿ ಇದ್ದರೆ ಅದನ್ನು ಮನ್ನಾ ಮಾಡಿಸಿ, ಬರಹದಲ್ಲಿ ಪಡೆಯಿರಿ.

ವಜಾ ಪತ್ರ ಬಂದೇಬಿಟ್ಟರೆ ಲಕೋಟೆ ಎಸೆಯಬೇಡಿ, ಕೈಸೇರಿದ ತಾರೀಖು ಅದರ ಮೇಲೇ ಬರೆದಿಡಿ. ಕೋರ್ಟಿಗೆ ಹೋಗುವ ಗಡುವು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಪತ್ರ ಸಿಕ್ಕ ದಿನದಿಂದ ಬರೀ 3 ವಾರ.