ಕ್ಯಾನ್ಸರ್ ಕೋಶಗಳ ಸಂಕೇತಗಳನ್ನು ತರಗತಿಯಲ್ಲಿ ವಿವರಿಸುವ ಬಗೆ

ಕೊಪ್ಪಳದ ಪಿಯುಸಿ ವಿದ್ಯಾರ್ಥಿಗಳಿಗೆ ಈ ವಿಷಯ ಹೇಳುವಾಗ ನಾನು ಕ್ಯಾನ್ಸರಿನಿಂದ ಆರಂಭಿಸುವುದಿಲ್ಲ. ಮೊದಲು ಬೋರ್ಡಿನ ಮೇಲೆ ಆರೋಗ್ಯವಂತ ಕೋಶವೊಂದನ್ನು ಬರೆದು, ಅದರ ಪೊರೆಯಲ್ಲಿ ಎರಡು ಗ್ರಾಹಕಗಳನ್ನೂ (ಸಂಕೇತವನ್ನು ಹಿಡಿಯುವ ಪ್ರೋಟೀನುಗಳು) ಹೊರಗೆ ಇಜಿಎಫ್ ಎಂಬ ಸಂಕೇತ ಅಣುವನ್ನೂ ಗುರುತಿಸಿ. ಅಣು ಬಂದು ಕೂತೊಡನೆ ಗ್ರಾಹಕಗಳು ಜೋಡಿಯಾಗುತ್ತವೆ, ಅವುಗಳ ಒಳತುದಿಗೆ ಫಾಸ್ಫೇಟ್ ಸೇರುತ್ತದೆ, ಸುದ್ದಿಯು ರಾಸ್, ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನುಗಳನ್ನು ದಾಟಿ ಕೋಶಕೇಂದ್ರ ತಲುಪಿ ವಿಭಜನೆಗೆ ಅಪ್ಪಣೆಯಾಗುತ್ತದೆ. ಈ ಚಿತ್ರವನ್ನು ಪಾಠ ಮುಗಿಯುವವರೆಗೂ ಅಳಿಸಬೇಡಿ.

ರಾಸ್ ಬಳಿ ಹೆಚ್ಚು ಹೊತ್ತು ನಿಲ್ಲಬೇಕು. ಮೂರು ಫಾಸ್ಫೇಟುಗಳ ಜಿಟಿಪಿ ಎಂಬ ಸಣ್ಣ ಅಣು ಅಂಟಿದಾಗ ಅದು ಚಾಲೂ ಆಗುತ್ತದೆ, ಅದೇ ಜಿಟಿಪಿಯನ್ನು ಎರಡು ಫಾಸ್ಫೇಟುಗಳ ಜಿಡಿಪಿಯಾಗಿ ಒಡೆದಾಗ ಬಂದ್ ಆಗುತ್ತದೆ. ರಾಸ್‌ನ 12ನೇ ಸ್ಥಾನದ ಅಮೈನೋ ಆಮ್ಲವಾದ ಗ್ಲೈಸಿನ್ ಬದಲಾದರೆ ಒಡೆಯುವ ಶಕ್ತಿ ಕುಂದಿ, ಹೊರಗಿನಿಂದ ಸುದ್ದಿ ಬಾರದಿದ್ದರೂ ಅದು ಚಾಲೂ ಆಗಿಯೇ ಉಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋದದ್ದು ನಮ್ಮ ಭಾಗದ ಮಕ್ಕಳಿಗೆ ಚೆನ್ನಾಗಿ ನೆನಪಿದೆ. ಚೈನು ಕಡಿದ ಗೇಟನ್ನು ಮೇಲಿನ ಯಂತ್ರದಿಂದ ಮುಚ್ಚಲಾಗದು; ಕೆಟ್ಟ ರಾಸ್ ಕೂಡ ಹಾಗೆಯೇ, ಮೇಲಿನ ಗ್ರಾಹಕವನ್ನು ತಡೆದರೂ ಬಂದ್ ಆಗದು. ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ರಾಸ್ ಹೀಗೆ ಕೆಟ್ಟಿದ್ದರೆ, ಇಜಿಎಫ್ ಗ್ರಾಹಕವನ್ನು ತಡೆಯುವ ಸೆಟುಕ್ಸಿಮ್ಯಾಬ್ ಎಂಬ ಔಷಧಿ ಫಲ ಕೊಡುವುದಿಲ್ಲ. ಆ ಔಷಧಿ ಕೊಡುವ ಮೊದಲು ರಾಸ್ ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ.

ಅನಂತರ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಕ್ಯಾನ್ಸರ್ ಕೋಶ ಹೊರಕ್ಕೆ ಕಳಿಸುವ ಸಂಕೇತಗಳನ್ನು ಬರೆಯಿರಿ. ಆಮ್ಲಜನಕ ಸಾಲದಾದಾಗ ಅದು ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಸಂಕೇತ ಅಣುವನ್ನು ಸ್ರವಿಸುತ್ತದೆ, ಹತ್ತಿರದ ರಕ್ತನಾಳಗಳು ಗಡ್ಡೆಯತ್ತ ಕವಲೊಡೆಯುತ್ತವೆ. ಪಿಡಿ-ಎಲ್1 ಎಂಬ ಪ್ರೋಟೀನು ಮಾತ್ರ ಬೇರೆ ಬಗೆಯದು: ಅದು ಮುಖ್ಯವಾಗಿ ಕೋಶದ ಮೈಮೇಲೆ ನಿಂತು, ಪಕ್ಕಕ್ಕೆ ಬಂದ ಟಿ-ಕೋಶದ (ದೇಹವನ್ನು ಕಾಯುವ ಬಿಳಿ ರಕ್ತಕಣ) ಪಿಡಿ-1 ಎಂಬ ಗ್ರಾಹಕವನ್ನು ಮುಟ್ಟಿಯೇ ಆ ಟಿ-ಕೋಶವನ್ನು ಸುಮ್ಮನಾಗಿಸುತ್ತದೆ. ಇಂಥ ತಡೆಗಳನ್ನು ತೆಗೆದು ಚಿಕಿತ್ಸೆ ನೀಡುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಕೋಶಗಳು ‘ಮಾತಾಡುತ್ತವೆ’ ಎಂಬ ಪದವನ್ನು ಎಚ್ಚರದಿಂದ ಬಳಸಿ. ಮಕ್ಕಳು ಅದಕ್ಕೆ ಬುದ್ಧಿ, ಉದ್ದೇಶಗಳನ್ನು ಅಂಟಿಸಿಬಿಡುತ್ತಾರೆ. ಇಲ್ಲಿರುವುದು ಆಕಾರಗಳ ಹೊಂದಾಣಿಕೆ ಮಾತ್ರ.

ಕೊನೆಯಲ್ಲಿ ಸ್ತನ ಕ್ಯಾನ್ಸರಿನ ವರದಿಯಲ್ಲಿ ಬರುವ ‘ಹರ್2: 3+’ ಎಂಬುದನ್ನು ಚಿತ್ರದಲ್ಲಿ ತೋರಿಸಲು ಒಬ್ಬರನ್ನು ಕರೆಯಿರಿ. ಹರ್2 ಎಂಬುದು ಇಜಿಎಫ್ ಗ್ರಾಹಕದ ಬಳಗದ ಇನ್ನೊಂದು ಗ್ರಾಹಕ, 3+ ಎಂದರೆ ಅದು ಅತಿಯಾಗಿದೆ. ಪೊರೆಯ ಮೇಲೆ ಗ್ರಾಹಕಗಳನ್ನು ಒತ್ತೊತ್ತಾಗಿ ಬರೆದರೆ ಪಾಠ ತಲುಪಿದೆ; ಹೊರಗಿನ ಅಣುಗಳನ್ನು ಹೆಚ್ಚಿಸಿ ಬರೆದರೆ ಮತ್ತೆ ಮೊದಲ ಚಿತ್ರದಿಂದ ಹೇಳಿ.